ಖಣದ ದಿಂಬಿಗೆ ಬುಟ್ಟಾನೇ ಅಳತೆ

ಗುಳೇದಗುಡ್ಡದ ಖಣ ನೇಯುವುದು ಕುಪ್ಪಸಕ್ಕಾಗಿ. ಪನ್ನ ಕಿರಿದು, ಎರಡೂ ಬದಿಗೆ ದಡಿ, ನಡುವೆ ಮೈತುಂಬ ಸಣ್ಣ ಬುಟ್ಟಾ. ಇಳಕಲ್ ಸೀರೆಯ ಜೊತೆಗೆ ಅದು ಒಪ್ಪುವ ರೀತಿಯೇ ಬೇರೆ, ಉಬ್ಬಿದ ದಿಂಬಿನ ಮೇಲೆ ಕೂರುವ ರೀತಿಯೇ ಬೇರೆ. ಮನೆಗೆ, ನೆಂಟರಿಗೆ ಎಂದು ಸಾಕಷ್ಟು ಕವರ್ ಹೊಲಿದ ಮೇಲೆ ನನಗೆ ಖಚಿತವಾದದ್ದು ಇಷ್ಟೇ: ಕತ್ತರಿ ಹಿಡಿಯುವ ಮುಂಚೆ ಟೇಪು ನೋಡಬಾರದು, ಬುಟ್ಟಾ ನೋಡಬೇಕು.

ಯಾವ ಬುಟ್ಟಾ ಎಂಬ ಪ್ರಶ್ನೆಯನ್ನು ನಮ್ಮತ್ತೆ ಬಗೆಹರಿಸಿದರು. ಸೂರ್ಯನಾರಾಯಣ ಬುಟ್ಟಾದ ಖಣ ಹರವಿಕೊಂಡಿದ್ದೆ. “ಸೂರ್ಯನಾರಾಯಣಗ ಬೆನ್ನು ಹಚ್ಚಿ ಕುಂದ್ರತಿಯೇನವಾ?” ಎಂದರು. ನಗು ಬಂತು, ಆದರೆ ಮಾತು ಸರಿ. ದಿಂಬು ನೆಲಕ್ಕೆ ಬೀಳುತ್ತದೆ, ಮಕ್ಕಳು ತುಳಿಯುತ್ತಾರೆ. ದೇವರ ಹೆಸರಿನ ಬುಟ್ಟಾ ಕುಪ್ಪಸಕ್ಕೇ ಇರಲಿ. ಇನ್ನು ತೇರಿಗೆ ಮೇಲು, ಕೆಳಗು ಉಂಟು. ಯಾರಾದರೂ ದಿಂಬನ್ನು ಮೂಲೆ ಮೇಲಾಗಿ ನಿಲ್ಲಿಸಿದರೆ ತೇರು ವಾಲುತ್ತದೆ. ಆನೆ ಹೆಜ್ಜೆಯಾದರೆ ಹೇಗಿಟ್ಟರೂ ನಡೆಯುತ್ತದೆ.

ಬುಟ್ಟಾ ಕೂರಿಸಲು ಹಳೆಯ ಪೇಪರೊಂದು ಸಾಕು. ನಾನು 16 ಇಂಚಿನ ದಿಂಬಿಗೆ ಬಟ್ಟೆಯನ್ನೂ 16 ಇಂಚಿಗೇ ಕತ್ತರಿಸುತ್ತೇನೆ. ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಹೋಗಿ 15 ಉಳಿದರೆ ಕವರ್ ಬಿಗಿಯಾಗಿ ತುಂಬಿಕೊಳ್ಳುತ್ತದೆ. ಪೇಪರಿನ ನಡುವೆ 15 ಇಂಚಿನ ಚೌಕ ಕತ್ತರಿಸಿ ತೆಗೆದು, ಆ ಕಿಂಡಿಯನ್ನು ಖಣದ ಮೇಲೆ ಅತ್ತಿತ್ತ ಸರಿಸುತ್ತೇನೆ. ಎಲ್ಲರೂ ನಡುಮಧ್ಯ ಒಂದು ಬುಟ್ಟಾ ಬರಬೇಕೆಂದು ಹಟ ಹಿಡಿಯುತ್ತಾರೆ. ಸಣ್ಣ ಬುಟ್ಟಾ ಸಾಲುಸಾಲಾಗಿರುವ ಬಟ್ಟೆಯಲ್ಲಿ ಕಣ್ಣಿಗೆ ಹೊಡೆಯುವುದು ನಡುವಲ್ಲ, ಅಂಚು. ಹೊಲಿಗೆಯಲ್ಲಿ ಅರ್ಧ ಹೆಜ್ಜೆ ಸಿಕ್ಕಿಕೊಂಡರೆ ಇಡೀ ದಿಂಬೇ ಸೊಟ್ಟಗೆ ಕಾಣುತ್ತದೆ. ದಿಂಬು ಉಬ್ಬಿದಾಗ ಅಂಚಿನ ಬಟ್ಟೆ ಪಕ್ಕಕ್ಕೆ ಹೊರಳುವುದೂ ಉಂಟಲ್ಲ, ಅದಕ್ಕೇ ನಾಲ್ಕೂ ಕಡೆ ಸಮನಾಗಿ ಜಾಗ ಬಿಟ್ಟು ಪೂರ್ತಿ ಬುಟ್ಟಾ ಸಿಗುವಲ್ಲಿ ಚಾಕಿನಿಂದ ಗೆರೆ ಹಾಕುತ್ತೇನೆ. ನಡುವಿನಲ್ಲಿ ಖಾಲಿ ಬಂದರೆ ಬರಲಿ.

ಖಣವನ್ನು ತಿರುಗಿಸಿ ನೋಡಿ, ಬುಟ್ಟಾದ ಎಳೆಗಳು ಹಿಂಬದಿಯಲ್ಲಿ ಸಡಿಲವಾಗಿ ಓಡಿರುತ್ತವೆ. ದಿಂಬು ತುರುಕುವಾಗ ಬೆರಳಿಗೋ ಬಳೆಗೋ ಸಿಕ್ಕು ಜಗ್ಗಿದರೆ ಬುಟ್ಟಾ ಮುದುಡುತ್ತದೆ. ಆದ್ದರಿಂದ ಒಳಗೆ ಹತ್ತಿಯ ಲೈನಿಂಗ್ ಬೇಕೇ ಬೇಕು. ಮೊದಲೇ ನೆನೆಸಿ ಒಣಗಿಸಿಟ್ಟಿದ್ದು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ಬಟ್ಟೆಯನ್ನೂ ಎಳೆಯುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯೊಂದನ್ನು ಉಜ್ಜಿ ನೋಡುವುದೂ ಆಗಲೇ. ಕತ್ತರಿಸಿದ ಕಡೆಯೆಲ್ಲ ಎಳೆ ಬಿಚ್ಚುತ್ತದೆ, ಓವರ್‌ಲಾಕ್ ತಪ್ಪಿಸಬೇಡಿ. ಇಸ್ತ್ರಿಗೆ ಮುಂಚೆ ಅಂಚಿನ ಒಂದೆಳೆ ಕಿತ್ತು ಸುಡಿ: ಕರಗಿ ಗಟ್ಟಿ ಮಣಿಯಾದರೆ ಅದು ಪಾಲಿಯೆಸ್ಟರ್, ಬಿಸಿ ಕಡಿಮೆ ಇಡಬೇಕು.

ಹಿಂಬದಿಗೆ ನಾನು ಜಿಪ್ ಹಾಕುವುದಿಲ್ಲ, ಒಂದರ ಮೇಲೊಂದು ಬರುವ ಎರಡು ತುಂಡು ಹಚ್ಚುತ್ತೇನೆ. ಸಾದಾ ಬಟ್ಟೆಯಾದರೆ ಒಂದೊಂದು ತುಂಡು 11 ಇಂಚು ಅಗಲ, 16 ಉದ್ದ. ಬಾಯಿಯ ಕಡೆ ಒಂದೊಂದು ಇಂಚು ಮಡಚಿ ಹೊಲಿದರೂ ನಡುವೆ 4 ಇಂಚು ಒಂದರ ಮೇಲೊಂದು ಕೂರುತ್ತವೆ. ಖಣದ್ದೇ ಆದರೆ ದಡಿಯನ್ನೇ ಬಾಯಿಯ ಕಡೆಗೆ ತನ್ನಿ. ದಡಿಯ ಅಂಚು ಎಳೆ ಬಿಡುವುದಿಲ್ಲ, ಮಡಚುವ ಗೋಜಿಲ್ಲ, 10 ಇಂಚು ಅಗಲ ಸಾಕು. ಕವರ್ ತಿರುಗಿಸಿಟ್ಟ ದಿನ ದಡಿಯ ಚೆಲುವೂ ಕಾಣಿಸುತ್ತದೆ.

ಮುಂಬದಿಗೆ 16, ಹಿಂಬದಿಗೆ 16, ಬುಟ್ಟಾ ಸರಿಸಿ ಕೂರಿಸಲು ನಾಲ್ಕು: ಒಟ್ಟು 36 ಇಂಚು. ಅಂಗಡಿಯಲ್ಲಿ ಕುಪ್ಪಸದ ತುಂಡು ಎಂದು ಕೇಳದೆ ಒಂದು ಗಜ ಖಣ ಎಂದೇ ಕೇಳಿ.