ಮಾರ್ಚ್ ಮುಗಿಯುವುದರೊಳಗೆ ದಾನ ಕೊಡಬೇಕೆಂದಿರುವ ಮಗಳಿಗೆ

ಧನಗೆರೆ



"ಬೋನಸ್ಸಿನಲ್ಲಿ ಒಂದಿಷ್ಟು ತೆಗೆದಿಟ್ಟಿದ್ದೀನಿ, ನಮ್ಮ ಕಡೆಯ ಒಳ್ಳೇ ಸಂಸ್ಥೆ ಯಾವುದಾದರೂ ಇದ್ದರೆ ಹೇಳಿ, ಮಾರ್ಚ್ 31ರೊಳಗೆ ಕೊಡಬೇಕು" ಅಂತ ಕೇಳಿದ್ದೀಯ. ಬರೀ ಹೆಸರು ಬರೆದು ಕಳಿಸಿದರೆ ಮುಂದಿನ ವರ್ಷವೂ ನನ್ನನ್ನೇ ಕೇಳುತ್ತೀಯ. ಹೇಗೆ ನೋಡಬೇಕು ಅನ್ನೋದನ್ನೂ ಸೇರಿಸಿ ಬರೆಯುತ್ತೇನೆ.

ತೆರಿಗೆ ಮಾತನ್ನು ಮೊದಲೇ ಮುಗಿಸಿಬಿಡೋಣ. ನೀನು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ದಾನಕ್ಕಿರುವ 80ಜಿ ವಿನಾಯಿತಿ ಸಿಗುವುದಿಲ್ಲ; ಹಾಗಿದ್ದ ಮೇಲೆ ಮಾರ್ಚಿನ ಗಡಿಬಿಡಿ ನಿನಗೇಕೆ, ಜೂನಿನಲ್ಲಿ ನಿಧಾನವಾಗಿ ನೋಡಿ ಕೊಡು. ಹಳೆಯ ಪದ್ಧತಿಯಾದರೆ 80ಜಿ ಇರುವ ಸಂಸ್ಥೆಗಳಿಗೆ ಕೊಟ್ಟಿದ್ದರಲ್ಲಿ ಸಾಮಾನ್ಯವಾಗಿ ಅರ್ಧ, ಅದೂ ಒಂದು ಮಿತಿಯೊಳಗೆ, ನಿನ್ನ ಆದಾಯದಿಂದ ಕಳೆಯುತ್ತಾರೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಲೆಕ್ಕಕ್ಕಿಲ್ಲ. ಒಂದು ಮಾತು ನೆನಪಿಟ್ಟುಕೋ: 80ಜಿ ಇದೆ ಅಂದರೆ ಸಂಸ್ಥೆಯ ಕಾಗದಪತ್ರ ಸರಿಯಾಗಿದೆ ಅಂತ ಅರ್ಥ. ಕೆಲಸ ಚೆನ್ನಾಗಿದೆ ಅಂತ ಯಾರೂ ಮುದ್ರೆ ಒತ್ತಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಹುಂಡಿಗೆ ಹಾಕುವುದನ್ನು ಬಿಡು ಅಂತ ಹೇಳುತ್ತಿಲ್ಲ. ಅದು ಹರಕೆ, ಅದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಸಂಸ್ಥೆಗೆ ಕೊಡುವುದು ಬೇರೆ, ಇಲ್ಲಿ ಸಂಕೋಚ ಬಿಟ್ಟು ಕೇಳಲೇಬೇಕು.

ಏನು ಕೇಳಬೇಕು ಅನ್ನೋದಕ್ಕೆ ನಮ್ಮ ಪಕ್ಕದ ಯಳಂದೂರನ್ನೇ ನೋಡು. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಿನ ಬುಡಕಟ್ಟು ಜನ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ದು 1981ರಲ್ಲಿ. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, ಆಮೇಲೆ ಪದ್ಮಶ್ರೀ. ಆ ಪ್ರಶಸ್ತಿಗಳು ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನ್ನಿಸೋದು ಬೆಟ್ಟದ ಕೆಳಗೆ ನಡೆದದ್ದು. ಎಂಬತ್ತರ ದಶಕದಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ವಿಪರೀತ, ಸಾವಿರ ಜನಕ್ಕೆ ಇಪ್ಪತ್ತರ ಮೇಲೆ ರೋಗಿಗಳು. ಮೈಮೇಲೆ ಮಚ್ಚೆ ಕಂಡರೆ ಮನೆಯವರಿಗೂ ಹೇಳದೆ ಮುಚ್ಚಿಡುವ ಕಾಯಿಲೆ ಅದು. ಸ್ಪರ್ಶವಿಲ್ಲದ ಮಚ್ಚೆ ಹುಡುಕಬೇಕಾದರೆ ಮನೆಮನೆಗೆ ಹೋಗಬೇಕು. ಗುಳಿಗೆ ಶುರು ಮಾಡಿದ ಮೇಲೆ ತಿಂಗಳುಗಟ್ಟಲೆ ಬಿಡದೆ ನುಂಗಿಸಬೇಕು. ನಡುವೆ ಬಿಟ್ಟವನನ್ನು ಮತ್ತೆ ಹುಡುಕಿಕೊಂಡು ಹೋಗಬೇಕು. ಈ ಕೆಲಸಕ್ಕೆಂದೇ 1986ರಲ್ಲಿ ಅವರ ಕರುಣಾ ಟ್ರಸ್ಟ್ ಹುಟ್ಟಿತು. ಸುಮಾರು ಇಪ್ಪತ್ತು ವರ್ಷದಲ್ಲಿ ಆ ಸಂಖ್ಯೆ ಸಾವಿರಕ್ಕೆ ಒಂದಕ್ಕಿಂತ ಕೆಳಗೆ ಬಂತು. ಕುಷ್ಠ ಇಳಿಯುತ್ತಿದ್ದಂತೆ ಟ್ರಸ್ಟು ಮೂರ್ಛೆರೋಗ, ಮಾನಸಿಕ ಕಾಯಿಲೆಗಳ ಕಡೆಗೂ ಕೈಹಾಕಿತು. 1996ರಲ್ಲಿ ಅದೇ ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆ ಹೊತ್ತುಕೊಂಡಿತು. ಆಮೇಲೆ ದೂರದ ಅರುಣಾಚಲದಲ್ಲೂ ಇಂಥ ಕೇಂದ್ರಗಳನ್ನು ನೋಡಿಕೊಂಡಿತು.

ಹಾಗಾಗಿ ಯಾವ ಸಂಸ್ಥೆಯನ್ನೇ ಆಗಲಿ, "ಎಷ್ಟು ಜನಕ್ಕೆ ಹಂಚಿದಿರಿ" ಅಂತ ಕೇಳಬೇಡ. "ನೀವು ಬಂದ ಮೇಲೆ ಇಲ್ಲಿ ಏನು ಕಮ್ಮಿಯಾಯಿತು?" ಅಂತ ಕೇಳು. ಕೆಲಸ ಮಾಡಿದವರು ಊರಿನ ಹೆಸರು ಹೇಳಿ ಉತ್ತರ ಕೊಡುತ್ತಾರೆ. ಮಾಡದವರು ಆಲ್ಬಂ ತೆಗೆಯುತ್ತಾರೆ.

ಆಲ್ಬಂ ಅಂದಕೂಡಲೇ ನೆನಪಾಯಿತು. ಹನೂರು ಕಡೆ ಒಂದು ಶಾಲೆಯಲ್ಲಿ ಬ್ಯಾಗು ಹಂಚುವ ಸಮಾರಂಭಕ್ಕೆ ಹೋಗಿದ್ದೆ. ವೇದಿಕೆಯ ಹಿಂದೆ ಫ್ಲೆಕ್ಸು, ಅದರಲ್ಲಿ ದಾನಿಗಳ ಮುಖವೇ ಮುಖ. ಅತಿಥಿಗಳು ಬರುವುದು ತಡವಾಗಿ ಮಕ್ಕಳು ಬಿಸಿಲಿಗೆ ಬೆವರುತ್ತಾ ಸಾಲಾಗಿ ನಿಂತಿದ್ದವು. ಒಬ್ಬ ಹುಡುಗನ ಬೆನ್ನ ಮೇಲೆ ಹಿಂದಿನ ವರ್ಷ ಇನ್ಯಾರೋ ಕೊಟ್ಟಿದ್ದ ಬ್ಯಾಗು ಗಟ್ಟಿಮುಟ್ಟಾಗಿಯೇ ಇತ್ತು. ಫೋಟೊದಲ್ಲಿ ಕಾಣುತ್ತದೆ ಅಂತ ಅದನ್ನು ಬಿಚ್ಚಿಸಿ ಪಕ್ಕಕ್ಕಿಡಿಸಿದರು. ಆ ಶಾಲೆಗೆ ಬೇಕಾಗಿದ್ದದ್ದು ಒಬ್ಬ ಮೇಷ್ಟ್ರು.

ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನಮ್ಮ ನೀಲಗಾರರು ತಂಬೂರಿ ಹಿಡಿದು ಹಾಡುವ ಕಥೆಯಲ್ಲಿ ಮಂಟೇಸ್ವಾಮಿ ತಮ್ಮ ಶಿಷ್ಯ ಸಿದ್ದಪ್ಪಾಜಿಯನ್ನು ಹಲಗೂರಿನಲ್ಲಿ ಕಬ್ಬಿಣದ ಕೆಲಸ ಮಾಡುವ ಪಾಂಚಾಳರ ಹತ್ತಿರ ಕಳಿಸುತ್ತಾರಲ್ಲ, ಆತ ಅಲ್ಲಿ ಬೇಡಿದ್ದು ಅಕ್ಕಿಯಲ್ಲ, ಕಾಸಲ್ಲ, ಕಬ್ಬಿಣ. ಬೇಕಾದದ್ದನ್ನೇ ಹೆಸರಿಟ್ಟು ಬೇಡಿದ. ಒಳ್ಳೇ ಸಂಸ್ಥೆಯೂ ಹೀಗೇ: ಸೋಲಿಗರ ಪೋಡಿಗೆ, ಅಂದರೆ ಹಾಡಿಗೆ, ಹೋಗುವ ಜೀಪಿಗೆ ಡೀಸೆಲ್ಲು, ನರ್ಸಮ್ಮನ ಸಂಬಳ, ಹಾಸ್ಟೆಲ್ಲಿನ ಅಡುಗೆಯವಳ ಕೂಲಿ ಅಂತ ಬಿಡಿಸಿ ಹೇಳುತ್ತದೆ. ಇಂಥ ಖರ್ಚಿನ ಮೇಲೆ ಯಾರೂ ಹೆಸರು ಕೆತ್ತಿಸಲು ಆಗೋದಿಲ್ಲ, ಅದಕ್ಕೇ ಅದಕ್ಕೆ ಕೊಡುವವರು ಕಮ್ಮಿ. ನೀನು ಅದಕ್ಕೇ ಕೊಡು. ಒಂದೇ ಸಲ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಸ್ವಲ್ಪ ಹೋದರೆ ಅವರಿಗೆ ಇನ್ನೂ ಅನುಕೂಲ. ಸಂಬಳವನ್ನು ವರ್ಷಕ್ಕೊಮ್ಮೆ ಕೊಡಲಾಗುವುದಿಲ್ಲ.

ಆಡಿಟ್ ಆದ ಲೆಕ್ಕ ತರಿಸಿಕೊಂಡು ಓದು. ಸಂಬಳದ ಸಾಲು ದೊಡ್ಡದಿದ್ದರೆ ಹೆದರಬೇಡ, ಸೇವಾಸಂಸ್ಥೆಯಲ್ಲಿ ಸೇವೆ ಮಾಡುವುದು ಮನುಷ್ಯರೇ. "ಇತರೆ ಖರ್ಚು" ಅನ್ನುವ ಸಾಲು ದೊಡ್ಡದಿದ್ದರೆ ಮಾತ್ರ ಎರಡು ಸಲ ಕೇಳು. ಗುಂಬಳ್ಳಿಯಂಥ ಕಡೆ ಸರ್ಕಾರದ ಅನುದಾನವೂ ಇರುತ್ತದೆ. ಅದು ಎಲ್ಲಿಗೆ ಸಾಲುತ್ತದೆ, ಎಲ್ಲಿಂದಾಚೆ ನಿನ್ನ ದುಡ್ಡು ಬೇಕು ಅಂತ ವಿಚಾರಿಸು. ಸರ್ಕಾರ ಮಾಡಬೇಕಾದ ಖರ್ಚನ್ನು ನಾವು ಮಾಡಿ ಅದನ್ನು ಸೋಮಾರಿ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ನಿನ್ನ ದೊಡ್ಡಮ್ಮ ಒಪ್ಪುವುದಿಲ್ಲ. ನೋವಿರುವವನು ಸರ್ಕಾರ ಖರ್ಚು ಮಾಡುವವರೆಗೆ ಕಾಯಬೇಕಾ ಅನ್ನುತ್ತಾಳೆ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಇದೆ, ಅದನ್ನೂ ನೋಡು. ಹೆಗ್ಗಡದೇವನಕೋಟೆ ಕಡೆ, 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. ಎಲ್ಲಕ್ಕೂ ಚೂರು ಚೂರು ಹಂಚಬೇಡ, ಒಂದನ್ನು ಹಿಡಿ. ನಾನು ಹೆಸರು ಬರೆದೆ ಅಂತ ನಂಬಿ ಕೊಡಬೇಡ, ಹೇಳದೆ ಕೇಳದೆ ಒಂದು ಸಾಧಾರಣ ವಾರದ ದಿನ ಹೋಗಿ ಕೂತು ನೋಡು.

ಅಮೆರಿಕದಿಂದ ನಿನ್ನ ಅಣ್ಣನೂ ಸೇರಿಸುತ್ತಾನೆ ಅಂದೆಯಲ್ಲ, ಅವನ ಪಾಸ್‌ಪೋರ್ಟು ಯಾವ ದೇಶದ್ದು ಅಂತ ಮೊದಲು ಕೇಳು. ಭಾರತದ್ದೇ ಆದರೆ ಅವನ ಉಳಿತಾಯದ ಹಣ ವಿದೇಶಿ ದೇಣಿಗೆಯಾಗುವುದಿಲ್ಲ, ಬ್ಯಾಂಕಿನ ಮೂಲಕ ಕಳಿಸಬಹುದು. ಅಲ್ಲಿನ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡು ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆಯೇ ಪಡೆಯಬೇಕು. 2020ರ ತಿದ್ದುಪಡಿಯಾದ ಮೇಲೆ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿನ್ನ ಖಾತೆಗೆ ಹಾಕಿಸಿಕೊಂಡು ನಿನ್ನ ಹೆಸರಲ್ಲಿ ದಾಟಿಸುವ ಉಪಾಯ ಮಾತ್ರ ಬೇಡ, ತೊಂದರೆ ಸಂಸ್ಥೆಗೇ ಸುತ್ತಿಕೊಳ್ಳುತ್ತದೆ. ಅವನ ತೆರಿಗೆ ವರ್ಷ ಡಿಸೆಂಬರಿಗೇ ಮುಗಿದಿದೆ, ಅವನಿಗೆ ಆತುರವಿಲ್ಲ. ವಿಚಾರಿಸಿಕೊಂಡು ಕಳಿಸಲಿ.

ಇತಿ,
ನಿನ್ನ ದೊಡ್ಡಪ್ಪ