ಗುರಿ ಉದ್ಯಮಗಳ ಆಯ್ಕೆ: ಸ್ಥಾನೀಕರಣ ಗುಣಾಂಕ

ಉದ್ಯೋಗ ಹೆಚ್ಚಿಸಲು ಜಿಲ್ಲೆಯೊಂದು ಯಾವ ಉದ್ಯಮಕ್ಕೆ ಒತ್ತು ಕೊಡಬೇಕೆಂದು ಅಳೆಯುವ ಮೊದಲ ಸಾಧನ ಸ್ಥಾನೀಕರಣ ಗುಣಾಂಕ. ಜಿಲ್ಲೆಯ ಒಟ್ಟು ಉದ್ಯೋಗದಲ್ಲಿ ಆ ಉದ್ಯಮದ ಪಾಲನ್ನು ರಾಜ್ಯಮಟ್ಟದ ಪಾಲಿನಿಂದ ಭಾಗಿಸಬೇಕು. ಜಿಲ್ಲೆಯಲ್ಲಿ ಶೇ 6, ರಾಜ್ಯದಲ್ಲಿ ಶೇ 2 ಎಂದುಕೊಂಡರೆ ಗುಣಾಂಕ 3. ಉತ್ತರ 1ಕ್ಕಿಂತ ಹೆಚ್ಚಿದ್ದರೆ ಆ ಉದ್ಯಮದಲ್ಲಿ ಜಿಲ್ಲೆಗೆ ವಿಶೇಷ ಹಿಡಿತವಿದೆ ಎಂದರ್ಥ. ಆದರೆ ಇದು ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕಾಲಕ್ರಮದ ಬದಲಾವಣೆಯನ್ನು ಅಳೆಯಲು ಶಿಫ್ಟ್-ಶೇರ್ ವಿಶ್ಲೇಷಣೆ ಎಂಬ ಇನ್ನೊಂದು ಸಾಧನ ಬೇಕು.

ಇರುವ ಹಿಡಿತದ ಮೇಲೆ ಹೊಸ ಉದ್ಯಮ ಬೆಳೆಯುವುದಕ್ಕೆ ಬೆಳಗಾವಿಯನ್ನು ನೋಡಿ. ಎರಕ ಹೊಯ್ಯುವ, ಲೇತ್ ನಡೆಸುವ ನುರಿತ ಕೈಗಳು ಅಲ್ಲಿನ ಫೌಂಡ್ರಿಗಳಲ್ಲಿ ಮೊದಲೇ ಇದ್ದವು. ಅಂಥ ಕೌಶಲವಿದ್ದ ಈ ಜಿಲ್ಲೆಯ ಹತ್ತರಗಿಯಲ್ಲೇ ವಿಮಾನ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯ ನೆಲೆಯೂರಿತು. ಇರುವ ಕೌಶಲವನ್ನು ಕಡೆಗಣಿಸಿ ಬರೀ ರಿಯಾಯಿತಿ ಕೊಟ್ಟು ಉದ್ಯಮ ಕರೆತರುವುದು ದುಬಾರಿ ದಾರಿ.