ಮೋಟಾರು ಗಾಡಿಯ ಎಣ್ಣೆಗೂ ಆಯುಷ್ಯವುಂಟು

ಅಚ್ಚಿಗೆ ಎಣ್ಣೆ ಹಾಕದೆ ದೂರದ ಸಂತೆಗೆ ಗಾಡಿ ಹೂಡುವ ರೈತನು ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಅಪರೂಪ. ಎಣ್ಣೆಯಿಲ್ಲದ ಅಚ್ಚು ಕಿರುಗುಟ್ಟುತ್ತದೆ, ಕಾಯುತ್ತದೆ, ಸವೆಯುತ್ತದೆ. ಎತ್ತುಗಳಿಗೂ ಭಾರ ಹೆಚ್ಚುತ್ತದೆ. ಈ ಕೆಲಸಕ್ಕೆ ನಮ್ಮ ಹಿರಿಯರು ಹರಳೆಣ್ಣೆಯನ್ನು ಬಳಸುತ್ತಿದ್ದರು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯು 1909ರಲ್ಲಿ ಎಂಜಿನ್ನುಗಳಿಗಾಗಿ ಹೊರತಂದ ಎಣ್ಣೆಯಲ್ಲಿಯೂ ಹರಳೆಣ್ಣೆ ಬೆರೆತಿತ್ತು. ಕ್ಯಾಸ್ಟ್ರಾಲ್ ಎಂಬ ಅದರ ಹೆಸರು ಹುಟ್ಟಿದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.

ಎತ್ತಿನ ಗಾಡಿಗೂ ಮೋಟಾರು ಗಾಡಿಗೂ ತತ್ತ್ವ ಒಂದೇ ಆದರೂ ಒಂದು ಭೇದವುಂಟು. ಅಚ್ಚಿನ ಎಣ್ಣೆ ಸೋರಿ ಮುಗಿಯುತ್ತದೆ. ಎಂಜಿನ್ನಿನ ಎಣ್ಣೆಯಾದರೋ ಒಳಗೇ ಉಳಿದು ಕೆಡುತ್ತದೆ. ಆದುದರಿಂದ ಅದನ್ನು ಹೊರಗೆ ತೆಗೆದು ಹೊಸದನ್ನು ತುಂಬಬೇಕಾಗುತ್ತದೆ. ಎಷ್ಟು ಕಾಲಕ್ಕೊಮ್ಮೆ ಎಂಬುದೇ ಈ ಪಾಠದ ಪ್ರಶ್ನೆ. ಮುಂಬ್ರಾ, ಕಳವಾ, ಡೊಂಬಿವಲಿಗಳಲ್ಲಿ ಟ್ಯಾಕ್ಸಿ, ಟೆಂಪೋಗಳನ್ನು ನಡೆಸಿ ಮನೆಯನ್ನು ಸಾಗಿಸುವ ಕುಟುಂಬಗಳು ಎಷ್ಟೋ ಇವೆ. ಅಂಥ ಮನೆಯಲ್ಲಿ ಎಂಜಿನ್ ಕೆಟ್ಟಿತೆಂದರೆ ದುಡಿಮೆ ನಿಂತಿತೆಂದೇ ಅರ್ಥ.

ಮೊದಲು ಎಣ್ಣೆಯ ಕೆಲಸಗಳನ್ನು ತಿಳಿಯೋಣ. ಸಿಲಿಂಡರಿನೊಳಗೆ ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಚಲಿಸುತ್ತದೆ. ಲೋಹಕ್ಕೆ ಲೋಹವು ತಾಗದಂತೆ ಎಣ್ಣೆಯು ನಡುವೆ ತೆಳುಪೊರೆಯಾಗಿ ನಿಲ್ಲುತ್ತದೆ. ಅಷ್ಟೇ ಅಲ್ಲ, ಒಳಗಿನ ಕಾವನ್ನು ಹೊತ್ತು ತರುತ್ತದೆ, ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದುಕೊಳ್ಳುತ್ತದೆ, ತುಕ್ಕನ್ನು ತಡೆಯುತ್ತದೆ. ಈ ಗುಣಗಳಿಗಾಗಿ ಎಣ್ಣೆಯಲ್ಲಿ ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ.

ಇಂಥ ಎಣ್ಣೆಯು ಕೆಡುವುದಕ್ಕೆ ಕಾರಣಗಳು ಮೂರು. ಮೊದಲನೆಯದು ಕಾವು. ಬಿಸಿಯಾದ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ರಮೇಣ ಮಂದವಾಗುತ್ತದೆ, ಜಿಗುಟಾಗುತ್ತದೆ. ಎರಡನೆಯದು ಕಲ್ಮಶ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆಂದರೆ ನಿಮಗೆ ಆಶ್ಚರ್ಯವಾದೀತು. ಅದರಲ್ಲಿ ಬಹುಭಾಗ ಹೊಗೆಕೊಳವೆಯಿಂದ ಹೊರಗೆ ಹೋದರೂ ಅಲ್ಪಾಂಶವು ಪಿಸ್ಟನ್ನಿನ ಸಂದಿನಿಂದ ಜಾರಿ ಎಣ್ಣೆಗೆ ಸೇರುತ್ತದೆ. ಗಾಡಿ ದೂರ ಓಡಿ ಎಣ್ಣೆ ಚೆನ್ನಾಗಿ ಕಾದರೆ ಆ ನೀರು ಆರಿಹೋಗುತ್ತದೆ. ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ ಮಾತ್ರ ಓಡುವ ಗಾಡಿಯಲ್ಲಿ ಅದು ಉಳಿದು ಆಮ್ಲಗಳನ್ನು ಉಂಟುಮಾಡುತ್ತದೆ. ಮೂರನೆಯದು, ಬೆರೆಸಿದ ರಾಸಾಯನಿಕಗಳು ದುಡಿದು ತೀರಿಹೋಗುವುದು.

ಇನ್ನು ಅವಧಿಯ ಮಾತು. ಪ್ರತಿ ಗಾಡಿಯೊಡನೆ ತಯಾರಕರು ಒಂದು ಕೈಪಿಡಿಯನ್ನು ಕೊಡುತ್ತಾರೆ. ನಮ್ಮ ದೇಶದ ಅನೇಕ ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ 10,000 ಕಿಲೋಮೀಟರ್ ಅಥವಾ 12 ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅದು, ಎಂದಿರುತ್ತದೆ. ಆದರೆ ಅದೇ ಪುಸ್ತಕದಲ್ಲಿ ಕಠಿಣ ಬಳಕೆಯ ಗಾಡಿಗಳಿಗಾಗಿ ಬೇರೊಂದು ಪಟ್ಟಿಯೂ ಇರುವುದುಂಟು. ನಿಂತು ನಿಂತು ಸಾಗುವುದು, ಧೂಳು, ಹೆಚ್ಚು ಸೆಕೆ, ಗುಡ್ಡದ ಏರು, ಹೆಚ್ಚು ಹೊರೆ, ಟ್ಯಾಕ್ಸಿಯಾಗಿ ದುಡಿತ ಇವೆಲ್ಲ ಕಠಿಣ ಬಳಕೆಯೇ. ಹಲವು ಗಾಡಿಗಳಿಗೆ ಆಗ ಅವಧಿಯು ಅರ್ಧಕ್ಕೆ ಇಳಿಯುತ್ತದೆ: 5,000 ಕಿಲೋಮೀಟರ್ ಅಥವಾ 6 ತಿಂಗಳು.

ನಮ್ಮ ಊರಿನ ಗಾಡಿ ಯಾವ ಪಟ್ಟಿಗೆ ಸೇರುತ್ತದೆ? ಮುಂಬ್ರಾ ಬೈಪಾಸಿನಲ್ಲಿ, ಶೀಳಫಾಟಾದ ಕೂಡುರಸ್ತೆಯಲ್ಲಿ ಲಾರಿಗಳ ಸಾಲಿನ ಹಿಂದೆ ನಿಂತವರಿಗೆ ಉತ್ತರ ಹೇಳಬೇಕಾಗಿಲ್ಲ. ಆದರೂ ಒಂದು ಲೆಕ್ಕ ಮಾಡಿರಿ. ಗಂಟೆಗೆ 40 ಕಿಲೋಮೀಟರ್ ವೇಗದಿಂದ ಹೋಗುವ ಗಾಡಿ 10,000 ಕಿಲೋಮೀಟರನ್ನು 250 ಗಂಟೆಗಳಲ್ಲಿ ಮುಗಿಸುತ್ತದೆ. ಗಂಟೆಗೆ 10 ಕಿಲೋಮೀಟರಿನಂತೆ ತೆವಳುವ ಗಾಡಿಗೆ ಅದೇ ದೂರಕ್ಕೆ 1,000 ಗಂಟೆಗಳು ಬೇಕು. ಮೀಟರು ತೋರಿಸುವ ದೂರ ಒಂದೇ. ಎಣ್ಣೆ ದುಡಿದ ಕಾಲ ಮಾತ್ರ ನಾಲ್ಮಡಿ! ಎರಡನೆಯ ಗಾಡಿಯ ಎಣ್ಣೆಯನ್ನು 5,000 ಕಿಲೋಮೀಟರಿಗೇ ಬದಲಿಸಿದರೂ ಅದು 500 ಗಂಟೆ ದುಡಿದಿರುತ್ತದೆ. ಗಾಡಿ ನಿಂತಿದ್ದರೂ ಎಂಜಿನ್ ಓಡುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಹಾಗೆಂದು ಪದೇ ಪದೇ ಬದಲಿಸುವುದೂ ಜಾಣತನವಲ್ಲ. ಅಮೆರಿಕದಲ್ಲಿ 3,000ಕ್ಕೊಮ್ಮೆ ಎಂಬ ಮಾತು ಬಹುಕಾಲ ರೂಢಿಯಲ್ಲಿತ್ತು. ಆದರೆ ಅದು ಮೈಲಿಯ ಲೆಕ್ಕ. ಕಿಲೋಮೀಟರಿನಲ್ಲಿ ಸುಮಾರು 4,800 ಆಗುತ್ತದೆ. ಅಂದಿನ ಎಣ್ಣೆಗಿಂತ ಇಂದಿನ ಎಣ್ಣೆ ಬಹಳ ಉತ್ತಮವಾದುದು. ಎಣ್ಣೆ ಕಪ್ಪಾಯಿತೆಂದು ಹೆದರುವವರೂ ಉಂಟು. ಮಸಿಯನ್ನು ತೊಳೆದು ಹಿಡಿದಿಡುವ ಎಣ್ಣೆ ಕಪ್ಪಾಗುವುದು ಸಹಜ. ಡೀಸೆಲ್ ಗಾಡಿಯಲ್ಲಂತೂ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ. ಬಣ್ಣವೊಂದನ್ನೇ ನೋಡಿ ತೀರ್ಮಾನಿಸದೆ ಕೈಪಿಡಿಯನ್ನೂ ತಾರೀಖನ್ನೂ ನೋಡಬೇಕು. ಎಣ್ಣೆಯ ಜಾತಿಯೂ ಕೈಪಿಡಿ ಹೇಳಿದ್ದೇ ಆಗಿರಬೇಕು. ಎಣ್ಣೆಯೊಡನೆ ಶೋಧಕವನ್ನೂ, ಅಂದರೆ ಫಿಲ್ಟರನ್ನೂ, ಅದು ಹೇಳಿದಂತೆ ಬದಲಿಸಬೇಕು.

ನೀವು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟ ಮೇಲೆ, ಹಿರಿಯರು ಜೊತೆಯಲ್ಲಿರುವಾಗ ಎಣ್ಣೆಯ ಅಳತೆ ಕಡ್ಡಿಯನ್ನು ಹೊರಗೆಳೆದು ಒರೆಸಿರಿ. ಮತ್ತೆ ಪೂರ್ತಿ ಒಳಗಿಳಿಸಿ ತೆಗೆಯಿರಿ. ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಾದರೆ ಎಂಜಿನ್ ಸವೆಯುತ್ತದೆ. ಮಿತಿ ಮೀರಿದರೆ ಎಣ್ಣೆ ನೊರೆಗಟ್ಟಿ ತನ್ನ ಕೆಲಸ ಮಾಡಲಾರದು. ಕೊನೆಯ ಸಲ ಬದಲಿಸಿದ ತಾರೀಖನ್ನೂ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ.

ಕಡೆಯದಾಗಿ, ತೆಗೆದ ಹಳೆಯ ಎಣ್ಣೆಯ ಗತಿಯೇನು? ಅದನ್ನು ಗಟಾರಕ್ಕೆ ಚೆಲ್ಲುವುದು ಅಪರಾಧವೇ ಸರಿ. ಕೇವಲ ಒಂದು ಕಾರಿನಿಂದ ಒಮ್ಮೆ ತೆಗೆದ ಎಣ್ಣೆಯು ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಎಚ್ಚರಿಸಿದೆ. ನಮ್ಮ ಗಟಾರದ ನೀರು ಸೇರುವುದು ಖಾಡಿಯನ್ನು. ರಾಜಹಂಸಗಳು ಬಂದಿಳಿಯುವ ಠಾಣೆ ಖಾಡಿಯು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ತ್ವದ ಜೌಗುಭೂಮಿಗಳಲ್ಲೊಂದೆಂದು ಮನ್ನಣೆ ಪಡೆಯಿತು. ಭಾರತದ ಕಾಯಿದೆಯು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು ಎಣಿಸುತ್ತದೆ. ಅದನ್ನು ಶುದ್ಧೀಕರಿಸಿ ಮತ್ತೆ ಉಪಯೋಗಿಸಬಹುದು. ಆದುದರಿಂದ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡುವುದೇ ಸರಿಯಾದ ದಾರಿ. ಕೈಗೆ ತಾಗಿದ್ದನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಗಾಡಿಯಿದ್ದರೆ ಅದರ ಕೈಪಿಡಿಯನ್ನು ಇಂದೇ ತೆರೆದು ನೋಡಿರಿ. ಅದು ಇಂಗ್ಲಿಷಿನಲ್ಲಿದ್ದು ಮನೆಯ ಹಿರಿಯರಿಗೆ ಓದಲು ತೊಡಕಾಗುವಂತಿದ್ದರೆ, ಕಠಿಣ ಬಳಕೆಯ ಪಟ್ಟಿಯನ್ನು ಹುಡುಕಿ, ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿರಿ. ನೀವು ಕಲಿತ ವಿದ್ಯೆಯು ಮನೆಯ ದುಡಿಮೆಗೆ ಒದಗುವ ಬಗೆಗಳಲ್ಲಿ ಇದೂ ಒಂದು.